ಮೂವತ್ತಾರನೇ ಕಿಲೋಮೀಟರಿನ ಪಾನಕ

ಮ್ಯಾರಥಾನ್ ಓಡುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ನಮ್ಮ ನೆಲ್ಸನ್ ಊರಿನ ಕಡಲ ಪಕ್ಕದ ರಸ್ತೆಯಲ್ಲಿ ಯಾರಾದರೂ ಬೆವರು ಸುರಿಸಿಕೊಂಡು ಓಡುತ್ತಿದ್ದರೆ ಕಾರಿನ ಕಿಟಕಿ ಏರಿಸಿಬಿಡುತ್ತೇನೆ. ಪಾಪ, ಅವರೇನೂ ನನಗೆ ಕೇಡು ಮಾಡಿದವರಲ್ಲ. ಕೇಡು ಮಾಡಿದವಳು ನಾನು. ಅದೂ ನಮ್ಮ ಮನೆಯಲ್ಲೇ ನಾಲ್ಕು ತಿಂಗಳು ಇದ್ದು, ನನ್ನ ಕೈಯ ಅನ್ನ ಉಂಡ ಎಸ್ಟೋನಿಯಾದ ಒಬ್ಬ ಓಟಗಾರ್ತಿಗೆ. ಆದರೆ ಸಿಟ್ಟಿಗೆ ಇಷ್ಟೆಲ್ಲ ನ್ಯಾಯ ಗೊತ್ತಿರುವುದಿಲ್ಲ, ಎದುರಿಗೆ ಸಿಕ್ಕವರ ಮೇಲೆ ಹೋಗುತ್ತದೆ.

ಮಗಳು ಓದಲು ಆಕ್ಲೆಂಡಿಗೆ ಹೋದ ವರ್ಷ ಅದು. ಅವಳ ಕೋಣೆ ಖಾಲಿ ಬಿದ್ದಿತ್ತು. ನಮ್ಮನೆಯವರು ಬಂದರಿನಲ್ಲಿ ಕ್ರೇನುಗಳ ಉಸ್ತುವಾರಿ ನೋಡುವ ಎಂಜಿನಿಯರ್. ಅವರ ಜೊತೆ ಕೆಲಸ ಮಾಡುವ ಈ ದೇಶದವನೇ ಒಬ್ಬ ವಾರಾಂತ್ಯದ ಓಟದ ಹುಚ್ಚಿನವನು. ಅವನೇ ಕೇಳಿದ್ದು: ಯುರೋಪಿನಿಂದ ಒಬ್ಬಳು ಬರುತ್ತಾಳೆ, ಅಲ್ಲಿ ಚಳಿಗಾಲ, ಇಲ್ಲಿ ಬೇಸಿಗೆ, ನವೆಂಬರಿನಿಂದ ಮಾರ್ಚಿನವರೆಗೆ ಅಭ್ಯಾಸ ಮಾಡುತ್ತಾಳೆ, ಒಂದು ಕೋಣೆ ಸಿಕ್ಕೀತೇ ಎಂದು. ಮನೆ ಬಿಕೋ ಎನ್ನುತ್ತಿತ್ತು. ನಾನು ಹೂಂ ಅಂದೆ.

ಬಂದವಳು ಉದ್ದಕ್ಕೆ, ತೆಳ್ಳಗೆ, ಬಿಳಿಚಿಕೊಂಡಂತೆ ಇದ್ದಳು. ವಯಸ್ಸು ಮೂವತ್ತೇಳು. ಎರಡು ಚೀಲ ತಂದಿದ್ದಳು, ಒಂದರ ತುಂಬ ಶೂಗಳೇ. ಬಂದ ದಿನವೇ ಒಂದು ಚೀಟಿಯಲ್ಲಿ ‘೨:೩೮:೦೦’ ಎಂಬ ಅಂಕಿಗಳನ್ನು ಇಂಗ್ಲಿಷಿನಲ್ಲಿ ಬರೆದು, ಕೇಳದೆಯೇ ನಮ್ಮ ಫ್ರಿಜ್ಜಿಗೆ ಅಂಟಿಸಿದಳು. ಎರಡು ಗಂಟೆ ಮೂವತ್ತೆಂಟು ನಿಮಿಷ. ಅಷ್ಟರೊಳಗೆ ಒಂದು ಮ್ಯಾರಥಾನ್ ಓಡಿ ಮುಗಿಸಿದರೆ ಅವಳ ದೇಶದ ತಂಡದಲ್ಲಿ ಜಾಗ. ಹಾಲು ತೆಗೆಯಲು ಹೋದಾಗೆಲ್ಲ ಆ ಚೀಟಿ ನನ್ನನ್ನೇ ಬೈಯುತ್ತಿರುವಂತೆ ಅನ್ನಿಸುತ್ತಿತ್ತು.

ಅವಳಿಂದ ಮಾತು ಹೊರಡಿಸುವುದೆಂದರೆ ಸಾಕುಬೇಕಾಗುತ್ತಿತ್ತು. ಒಂದು ಪ್ರಶ್ನೆಗೆ ಒಂದು ಉತ್ತರ, ಕೆಲವೊಮ್ಮೆ ಅದೂ ಮಾರನೆಯ ದಿನ. ಹಾಗೆ ತಿಂಗಳುಗಟ್ಟಲೆ ಹೆಕ್ಕಿ ಹೆಕ್ಕಿ ಅವಳ ಕಥೆಯನ್ನು ಕೂಡಿಸಿಕೊಂಡೆ. ಹುಟ್ಟಿದ್ದು ಕಾಡಿನಂಚಿನ ಸಣ್ಣ ಊರು. ಎಳವೆಯಲ್ಲಿ ಹಿಮದ ಮೇಲೆ ಸ್ಕೀ ಮಾಡುತ್ತಿದ್ದಳು, ಆಮೇಲೆ ಓಟ. ಚಳಿಗಾಲದಲ್ಲಿ ಹೊರಗೆ ರಸ್ತೆಯೆಲ್ಲ ಗಾಜಿನಂತೆ ಜಾರುವುದರಿಂದ ಶಾಲೆಯ ಉದ್ದನೆಯ ಪಡಸಾಲೆಯಲ್ಲೇ ಆ ತುದಿಯಿಂದ ಈ ತುದಿಗೆ ಗಂಟೆಗಟ್ಟಲೆ ಓಡಿದವಳು. ಊರಿನ ಈಜುಕೊಳದಲ್ಲಿ ಅರ್ಧ ದಿನದ ಕೆಲಸ, ಉಳಿದರ್ಧ ದಿನ ಓಟ. ಹದಿನೈದು ವರ್ಷ ಹೀಗೇ. ಮ್ಯಾರಥಾನಿಗೆ ಇಳಿದ ಮೇಲೆ ಮೂರು ಸಲ ಹೊಟ್ಟೆ ಕೈಕೊಟ್ಟು ಅರ್ಧಕ್ಕೇ ನಿಲ್ಲಬೇಕಾಯಿತು. ಓಡುವಾಗ ಕುಡಿಯಲೆಂದು ಅಂಗಡಿಯಲ್ಲಿ ಸಿಗುವ ಆ ಅಂಟು ಸಿಹಿ ಯಾವುದೂ ಅವಳಿಗೆ ಒಗ್ಗುತ್ತಿರಲಿಲ್ಲ. ನಾಲ್ಕನೆಯ ಸಲ ಏನೂ ಕುಡಿಯದೆ ಓಡಿ, ಹನ್ನೊಂದು ಸೆಕೆಂಡಿನಲ್ಲಿ ಜಾಗ ತಪ್ಪಿತಂತೆ.

“ಹನ್ನೊಂದು ಸೆಕೆಂಡಾ?” ಅಂದೆ ನಾನು. ನಮ್ಮ ಮನೆಯಲ್ಲಿ ಹನ್ನೊಂದು ಸೆಕೆಂಡಿನಲ್ಲಿ ಯಾರೂ ಒಂದು ಲೋಟ ಕೂಡ ತೊಳೆದಿದ್ದಿಲ್ಲ.

“ಹನ್ನೊಂದು,” ಅಂದಳು. “ಈ ಸಲವೇ ಕೊನೆ. ಆಮೇಲೆ ನನ್ನ ಕಾಲೂ ಕೇಳುವುದಿಲ್ಲ, ಅವರೂ ಕಾಯುವುದಿಲ್ಲ.”

ಆ ಮಾತು ಕೇಳಿದ ಮೇಲೆ ನಾನು ಸುಮ್ಮನಿರುವುದುಂಟೇ? ನಾನು ಸೇಬಿನ ಪ್ಯಾಕ್‌ಹೌಸಿನಲ್ಲಿ ಗುಣಮಟ್ಟ ನೋಡುವ ಕೆಲಸದವಳು. ಸೇಬಿನ ರಸದ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ, ಬೆಳಕಿಗೆ ಹಿಡಿದು ಕಣ್ಣಿಟ್ಟರೆ ಸಿಹಿ ಎಷ್ಟಿದೆಯೆಂದು ತೋರಿಸುವ ಪುಟ್ಟ ಕೊಳವೆಯೊಂದು ನನ್ನ ಕೋಟಿನ ಜೇಬಿನಲ್ಲೇ ಇರುತ್ತದೆ. ಬೆಲ್ಲ ತಂದೆ. ಹಿತ್ತಲ ಗಿಡದ ನಿಂಬೆಹಣ್ಣು ಹಿಂಡಿದೆ. ಚೂರು ಉಪ್ಪು, ಚಿಟಿಕೆ ಒಣಶುಂಠಿ. ನಮ್ಮಮ್ಮ ರಾಮನವಮಿಗೆ ಕಣ್ಣಂದಾಜಿನಲ್ಲಿ ಕದಡುತ್ತಿದ್ದ ಪಾನಕವನ್ನು ನಾನು ಕೊಳವೆಯಲ್ಲಿ ಅಳೆದು ಅಳೆದು, ನೀರು ಬೆರೆಸಿ, ಮತ್ತೆ ಅಳೆದು ಮಾಡಿದೆ. ಅವಳು ಅದನ್ನು ಕುಡಿದು ಮೂವತ್ತು ಕಿಲೋಮೀಟರ್ ಓಡಿ ಬಂದು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತು, “ಏನೂ ಆಗಲಿಲ್ಲ,” ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಅಂದಿನಿಂದ ಅದು ಅವಳ ಓಟ ಅಷ್ಟೇ ಆಗಿರಲಿಲ್ಲ, ನನ್ನದೂ ಆಗಿಬಿಟ್ಟಿತು.

ಜಗಳವಾಗುತ್ತಿದ್ದದ್ದು ಊಟದಲ್ಲಿ. ಜಗಳ ಎಂದರೆ ನನ್ನ ಕಡೆಯಿಂದ ಮಾತ್ರ. ಅವಳಿಗೆ ನಮ್ಮ ಮೊಸರನ್ನ ಹಿಡಿಸಿತ್ತು, ಮಜ್ಜಿಗೆಯಂತೂ ಅವಳ ಊರಿನ ಹುಳಿಹಾಲಿನ ಹಾಗೇ ಇದೆಯೆಂದು ಲೋಟಗಟ್ಟಲೆ ಕುಡಿಯುತ್ತಿದ್ದಳು. ಆದರೆ ಎಷ್ಟು ಬೇಕೋ ಅಷ್ಟೇ. ಎರಡನೇ ಸಲ ಸೌಟು ಎತ್ತಿದರೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು “ನೋ, ಥ್ಯಾಂಕ್ ಯೂ” ಅನ್ನುವಳು. ನಾನೇನು ಕಡಿಮೆಯವಳೇ? ಬೇಡ ಅಂದಮೇಲೂ ಒಂದು ಸೌಟು ಹಾಕದಿದ್ದರೆ ಅದು ಬಡಿಸಿದ್ದು ಹೇಗಾಯಿತು? ಮೊದಲನೆಯ ‘ಬೇಡ’ ಸಂಕೋಚಕ್ಕೆ, ಎರಡನೆಯದು ಮರ್ಯಾದೆಗೆ, ಮೂರನೆಯದನ್ನು ಬೇಕಾದರೆ ಯೋಚಿಸಬಹುದು. ನಾನು ಬೆಳೆದ ಮನೆಯಲ್ಲಿ ನೆಂಟರು ಎಲೆಯ ಮೇಲೆ ಮಗುಚಿಕೊಂಡು ಬಿದ್ದರೂ ಬೆರಳ ಸಂದಿಯಿಂದ ತುಪ್ಪ ಬಿಡುತ್ತಿದ್ದರು. ನಾನು ಅವಳ ಕೈ ಸರಿಸಿ ಅನ್ನ ಹಾಕುತ್ತಿದ್ದೆ. ಅವಳು ಒಮ್ಮೆ ತಟ್ಟೆಯನ್ನೂ ಒಮ್ಮೆ ನನ್ನನ್ನೂ ನೋಡಿ, ತಿನ್ನದೆ ಎದ್ದು ಹೋಗುತ್ತಿದ್ದಳು. ಮೈಯೆಲ್ಲ ಉರಿದುಹೋಗುತ್ತಿತ್ತು.

“ಅವರ ಕಡೆ ಬೇಡ ಅಂದ್ರೆ ಬೇಡ ಅಂತಾನೇ ಕಣೇ,” ಎನ್ನುತ್ತಿದ್ದರು ನಮ್ಮನೆಯವರು.

“ನೀವು ಸುಮ್ನಿರಿ. ಅಷ್ಟು ಓಡೋ ಹುಡುಗಿ ಇಷ್ಟೇ ತಿಂದ್ರೆ ಆಗತ್ತೇನ್ರೀ? ನಮ್ಮ ಮಗಳೂ ಹೀಗೇ ಬೇಡ ಬೇಡ ಅಂತ್ಲೇ ತಿಂತಿರ್ಲಿಲ್ವಾ?”

“ಅವಳು ನಮ್ಮ ಮಗಳು. ಇವಳಲ್ಲ.”

ದಿನ ಕಳೆದಂತೆ ಅವಳೊಂದು ಉಪಾಯ ಕಂಡುಕೊಂಡಳು. ನಾನು ಎರಡನೇ ಸಲ ಬಡಿಸಲು ಬಂದರೆ ಅಡ್ಡ ಹೇಳದೆ ಹಾಕಿಸಿಕೊಳ್ಳುವುದು, ನಾನು ಒಳಗೆ ಹೋದಾಗ ಅದನ್ನು ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಡುವುದು. ಆಗ ನನಗದು ಗೆಲುವಿನ ಹಾಗೆ ಕಂಡಿತ್ತು. ಕೊನೆಗೂ ದಾರಿಗೆ ಬಂದಳಲ್ಲ ಅಂದುಕೊಂಡೆ.

ಓಟ ಮಾರ್ಚಿನ ಒಂದು ಭಾನುವಾರ. ನಮ್ಮೂರಿನಾಚೆ ಸೇಬಿನ ತೋಟಗಳ ನಡುವೆ, ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿಯ ಹೊಲಗಳ ಪಕ್ಕ ಹಾದುಹೋಗುವ ರಸ್ತೆ. ಪ್ರತಿ ಐದು ಕಿಲೋಮೀಟರಿಗೊಂದು ಮೇಜು. ವೇಗದ ಓಟಗಾರರು ತಮ್ಮ ತಮ್ಮ ಬಾಟಲಿಗಳಿಗೆ ಸಂಖ್ಯೆ ಅಂಟಿಸಿ ಹಿಂದಿನ ದಿನವೇ ಕೊಟ್ಟಿರಬೇಕು, ಆಯಾ ಮೇಜಿನ ಮೇಲೆ ಅವು ಕಾಯುತ್ತಿರುತ್ತವೆ. ಶನಿವಾರ ಮಧ್ಯಾಹ್ನ ಎಂಟು ಬಾಟಲಿಗೆ ಪಾನಕ ತುಂಬಿಕೊಟ್ಟೆ.

ಅವಳು ಬಾಟಲಿಗಳನ್ನು ಚೀಲಕ್ಕೆ ಹಾಕುತ್ತಾ, “ಕುಡಿಯುವುದು ಮೇಜಿನಲ್ಲಿ ಮಾತ್ರ. ಬೇರೆಲ್ಲೂ ತೆಗೆದುಕೊಳ್ಳುವ ಹಾಗಿಲ್ಲ. ಸರಿಯೇ?” ಅಂದಳು.

“ಸರಿ,” ಅಂದೆ. ಮದುವೆ ಮನೆಯಲ್ಲಿ ‘ಎಲೆಗೆ ಎರಡೇ ಲಾಡು’ ಎಂದು ಅಡುಗೆಯವರಿಗೆ ಹೇಳಿರುತ್ತಾರಲ್ಲ, ಅಂಥದೊಂದು ಕಟ್ಟಳೆ ಇರಬೇಕು ಅಂದುಕೊಂಡೆ. ಬೇಕಾದವರಿಗೆ ಮೂರು ಹಾಕಿದರೆ ಯಾರು ನೇಣು ಹಾಕುತ್ತಾರೆ? ಅದಲ್ಲದೆ ಹಿಂದಿನ ದಿನ ಕೊಟ್ಟ ನಿಂಬೆ ಬೆಲ್ಲದ ನೀರು ಆ ಸೆಖೆಗೆ ಹುಳಿಯಾದರೆ ಎಂಬ ಚಿಂತೆ ಬೇರೆ. ಭಾನುವಾರ ಬೆಳಿಗ್ಗೆ ಎದ್ದು ತಾಜಾ ಪಾನಕ ಮಾಡಿ, ಒಂದಷ್ಟನ್ನು ಸಣ್ಣ ಬಾಟಲಿಗೂ ಉಳಿದದ್ದನ್ನು ಮಗಳು ಶಾಲೆಗೆ ಒಯ್ಯುತ್ತಿದ್ದ ನೇರಳೆ ಬಣ್ಣದ ಬಾಟಲಿಗೂ ತುಂಬಿಕೊಂಡೆ. ಅವಳಿಗೆ ಹೇಳಲಿಲ್ಲ.

ನಮ್ಮನೆಯವರು ಕಾರು ಓಡಿಸಿದರು. ಇಪ್ಪತ್ತನೆಯ ಕಿಲೋಮೀಟರಿನ ಮೇಜಿನ ಹತ್ತಿರ ಜನ ತುಂಬಿದ್ದರಿಂದ ಇನ್ನೂ ಸ್ವಲ್ಪ ಮುಂದೆ, ಮರದ ನೆರಳಲ್ಲಿ ನಿಂತೆ. ಅವಳು ಬರುವುದು ಕಾಣಿಸಿತು. ಮೇಜಿನ ಬಳಿ ಕೈ ಚಾಚಿದಳು, ಬಾಟಲಿ ಉರುಳಿ ನೆಲಕ್ಕೆ ಬಿತ್ತು. ಹೆಕ್ಕಲು ನಿಂತರೆ ಸೆಕೆಂಡು ಹೋಗುತ್ತವೆ. ಬರಿಗೈಯಲ್ಲಿ ಓಡಿ ಬಂದಳು.  ರಸ್ತೆಗಿಳಿದು ಸಣ್ಣ ಬಾಟಲಿ ಚಾಚಿದೆ. ಒಂದು ಕ್ಷಣ ಕಣ್ಣರಳಿಸಿದಳು, ಕೈ ತಾನಾಗಿಯೇ ಬಂದು ತೆಗೆದುಕೊಂಡಿತು. ಎರಡು ಗುಟುಕು ಕುಡಿದು ಎಸೆದಳು.

“ನೋಡಿದ್ರಾ! ನಾನು ಬರದೇ ಇದ್ದಿದ್ರೆ ಏನಾಗ್ತಿತ್ತು?” ಎಂದು ಬೀಗುತ್ತಾ ಕಾರಿಗೆ ಬಂದೆ. ನಾವು ಒಳದಾರಿ ಹಿಡಿದು ಮುಂದಕ್ಕೆ ಹೊರಟ ಮೇಲೆ, ಸೈಕಲ್ಲಿನ ಮೇಲೆ ಬಂದ ರೆಫರಿಯೊಬ್ಬರು ಅವಳಿಗೆ ಹಳದಿ ಚೀಟಿ ತೋರಿಸಿದ್ದು ನಮಗೆ ಗೊತ್ತಾಗಲಿಲ್ಲ. ಒಂದು ತಪ್ಪಿಗೆ ಹಳದಿ, ಎರಡನೆಯದಕ್ಕೆ ಕೆಂಪು. ಕೆಂಪೆಂದರೆ ಓಟವೇ ರದ್ದು.

ಮೂವತ್ತೈದನೆಯ ಮೇಜು ದಾಟಿ ಒಂದು ಕಿಲೋಮೀಟರ್ ಆದಮೇಲೆ ರಸ್ತೆ ಎಡಕ್ಕೆ ತಿರುಗುತ್ತದೆ. ಆ ತಿರುವಿಗೆ ಮುಂಚೆ ನಿಂತುಕೊಂಡೆ. ಬಿಸಿಲು ನೆತ್ತಿ ಸುಡುತ್ತಿತ್ತು. ಅವಳ ಮುಖ ಸುಣ್ಣದ ಹಾಗಾಗಿತ್ತು, ತುಟಿ ಒಣಗಿತ್ತು. ಹಿಂದೆ ತುಸು ದೂರದಲ್ಲಿ ಸೈಕಲ್ಲಿನ ಮೇಲೆ ಬಿಳಿ ಟೋಪಿಯ ಒಬ್ಬ ಹೆಂಗಸು. ನಾನು ನೇರಳೆ ಬಾಟಲಿ ಎತ್ತಿ ಹಿಡಿದೆ.

ಅವಳು ತಲೆ ಆಡಿಸಿದಳು. “ನೋ,” ಅಂದಳು.

ಆ ‘ನೋ’ ನನಗೆ ಹೊಸದೇ? ನಾಲ್ಕು ತಿಂಗಳಿಂದ ದಿನಕ್ಕೆರಡು ಸಲ ಕೇಳಿದ್ದೆ. ಅವಳ ಪಕ್ಕದಲ್ಲಿ ಓಡತೊಡಗಿದೆ. ಐವತ್ತೆರಡರ ನಾನು, ಚೂಡಿದಾರದಲ್ಲಿ, ಬಾತ್‌ರೂಮಿನ ಚಪ್ಪಲಿಯಲ್ಲಿ. “ಕುಡಿ, ಎರಡೇ ಗುಟುಕು, ಕುಡಿಯಮ್ಮಾ,” ಎಂದು ಕನ್ನಡದಲ್ಲೇ ಕೂಗುತ್ತಿದ್ದೆ. ಅವಳು ಇನ್ನೊಮ್ಮೆ “ನೋ!” ಅಂದಳು, ಈ ಸಲ ಜೋರಾಗಿ. ನನ್ನ ಚಪ್ಪಲಿಯ ಬಾರು ಕಿತ್ತಿತು, ಮುಗ್ಗರಿಸಿದೆ, ಆದರೂ ಬಿಡಲಿಲ್ಲ. ಆಗ ಅವಳು ನನ್ನತ್ತ ನೋಡಿ, ಬಾಟಲಿ ಕಿತ್ತುಕೊಂಡು, ತಿರುವು ದಾಟಿ ಮರೆಯಾದಳು.

ನಾನು ಒಂಟಿ ಚಪ್ಪಲಿಯಲ್ಲಿ ರಸ್ತೆಯಂಚಿಗೆ ಬಂದು ಏದುಸಿರು ಬಿಡುತ್ತಾ ನಕ್ಕೆ. ಮೂರನೆಯ ಬೇಡಕ್ಕೆ ಅವಕಾಶವೇ ಕೊಡಲಿಲ್ಲವಲ್ಲ ಎಂದು.

ಎರಡು ಗಂಟೆ, ಮೂವತ್ತೇಳು ನಿಮಿಷ, ನಲವತ್ತೊಂದು ಸೆಕೆಂಡು. ಗುರಿಗೆರೆಯ ಮೇಲಿನ ದೊಡ್ಡ ಗಡಿಯಾರದಲ್ಲಿ ನಾನೇ ನೋಡಿದೆ. ಫ್ರಿಜ್ಜಿನ ಚೀಟಿಗಿಂತ ಹತ್ತೊಂಬತ್ತು ಸೆಕೆಂಡು ಕಡಿಮೆ. ನಾನು ಕುಣಿದಾಡಿಬಿಟ್ಟೆ. ಗುರುತು ಪರಿಚಯವಿಲ್ಲದವರನ್ನೆಲ್ಲ ತಬ್ಬಿಕೊಂಡೆ. ಅವಳು ಮಾತ್ರ ಹುಲ್ಲಿನ ಮೇಲೆ ಕೂತು, ತಲೆ ತಗ್ಗಿಸಿ ಶೂವಿನ ಲಾಡಿ ಬಿಚ್ಚುತ್ತಿದ್ದಳು. ಸುಸ್ತಾಗಿರಬೇಕು ಅಂದುಕೊಂಡೆ. ಬಿಳಿ ಟೋಪಿಯ ಹೆಂಗಸು ಬಂದು, ಬಗ್ಗಿ, ಅವಳ ಭುಜದ ಮೇಲೆ ಕೈಯಿಟ್ಟು, “ಸಾರಿ ಅಬೌಟ್ ದಿಸ್, ಲವ್,” ಎಂದು ಕೆಂಪು ಚೀಟಿ ತೋರಿಸಿದಳು. ಈ ದೇಶದಲ್ಲಿ ಕತ್ತು ಕುಯ್ಯುವವರೂ ಭುಜ ಸವರಿಯೇ ಕುಯ್ಯುತ್ತಾರೆ.

ನಾನು ಜಗಳಕ್ಕೆ ನಿಂತೆ. ಕೊಟ್ಟವಳು ನಾನು, ಅವಳದೇನು ತಪ್ಪು? ನೀರು ಕೊಡುವುದು ಅಪರಾಧವೇ? ಬಾಯಾರಿದವರಿಗೆ ನೀರು ಕೊಡಬಾರದು ಅನ್ನುವ ನಿಯಮ ಮಾಡಿದವನು ಯಾರು, ಅವನಿಗೆ ತಾಯಿ ಇರಲಿಲ್ಲವೇ? ಬಾಯಿಗೆ ಬಂದದ್ದೆಲ್ಲ ಅಂದೆ. ಆ ಹೆಂಗಸು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ನನಗೆ ಕುಡಿಯಲು ಒಂದು ಲೋಟ ನೀರು ತಂದುಕೊಟ್ಟಳು. ಅದನ್ನು ಅವಳ ಮುಖಕ್ಕೇ ಎರಚಬೇಕು ಅನ್ನಿಸಿತು. ನಮ್ಮನೆಯವರು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದರು.

“ಅವಳು ಬೇಡ ಅಂತ ತಲೆ ಆಡಿಸ್ತಾನೇ ಇದ್ಲು ಕಣೇ. ಕಾರಲ್ಲಿ ಕೂತಿದ್ದ ನಂಗೇ ಕಾಣಿಸ್ತು,” ಅಂದರು ದಾರಿಯಲ್ಲಿ, ಮೆತ್ತಗೆ.

“ಹಾಗಾದ್ರೆ ಯಾಕೆ ತಗೊಂಡ್ಲು? ಬೇಡ ಅಂದವಳು ಯಾಕ್ರೀ ತಗೊಳ್ತಾಳೆ?”

ಹಿಂದಿನ ಸೀಟಿನಲ್ಲಿ ಕೂತಿದ್ದ ಅವಳಿಗೆ ನಮ್ಮ ಕನ್ನಡ ತಿಳಿಯುತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದಳು. ಮನೆಗೆ ಬಂದಮೇಲೆ ನಾನು ಅತ್ತೆ, ಕೈಮುಗಿದೆ. ಅವಳು “ಇಟ್ಸ್ ಓಕೆ,” ಅಂದಳು. ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸಂಘಟಕರಿಗೆ ಮೂರು ಪತ್ರ ಬರೆದೆ, ಮೂರಕ್ಕೂ ನಯವಾದ ಉತ್ತರ ಬಂತು, ನಿಯಮ ನಿಯಮವೇ ಎಂದು. ಫ್ರಿಜ್ಜಿನ ಚೀಟಿಯನ್ನು ಅವಳೇ ಕಿತ್ತಳು. ಅಂಟಿನ ಕಲೆ ಉಳಿಯಿತು, ಅದನ್ನೂ ನಿಂಬೆಸಿಪ್ಪೆಯಿಂದ ಉಜ್ಜಿ ತೆಗೆದಳು. ಹೊರಡುವವರೆಗಿನ ಎಂಟು ದಿನ ಊಟಕ್ಕೆ ಕೂತಾಗ ಒಮ್ಮೆಯೂ ಬೇಡ ಅನ್ನಲಿಲ್ಲ. ಬಡಿಸಿದ್ದನ್ನೆಲ್ಲ ಅಲ್ಲೇ ಕೂತು ತಿಂದಳು. ಕ್ಷಮಿಸಿದ್ದಾಳೆ ಅಂದುಕೊಂಡು ನಾನು ಇನ್ನೂ ಎರಡು ಸೌಟು ಹೆಚ್ಚೇ ಹಾಕಿದೆ. ನನ್ನಂಥ ಮೂಢಳು ಇನ್ನೊಬ್ಬಳಿದ್ದರೆ ತೋರಿಸಿ.

ಅವಳು ಹೋದಮೇಲೆ ನಾನು ಒಂದು ಸಮಾಧಾನವನ್ನು ಕಟ್ಟಿಕೊಂಡೆ. ರದ್ದಾಯಿತು, ಒಪ್ಪಿದೆ. ಆದರೆ ಓಡಿದ್ದು ಸುಳ್ಳಲ್ಲವಲ್ಲ? ಮೂವತ್ತಾರನೇ ಕಿಲೋಮೀಟರಿನಲ್ಲಿ ಸುಣ್ಣದಂತಿದ್ದ ಮುಖ, ಕೊನೆಗೆ ಹತ್ತೊಂಬತ್ತು ಸೆಕೆಂಡು ಉಳಿಸಿತು. ಹೇಗೆ? ನನ್ನ ಪಾನಕದಿಂದ. ಅವಳ ಜೀವನದ ಒಳ್ಳೆಯ ಓಟವನ್ನು ಅವಳು ಓಡಿದ್ದು ನನ್ನ ಪಾನಕ ಕುಡಿದು. ಇದನ್ನು ಪ್ಯಾಕ್‌ಹೌಸಿನಲ್ಲಿ ಹೇಳಿದೆ, ಯುಗಾದಿಗೆ ಸೇರಿದ ಕನ್ನಡದವರಿಗೆಲ್ಲ ಹೇಳಿದೆ. ಕಳೆದುಹೋದ ಬಾಟಲಿಗಾಗಿ ಫೋನಿನಲ್ಲಿ “ಅಮ್ಮಾ, ದಟ್ ವಾಸ್ ಮೈ ಫೇವರಿಟ್ ಒನ್!” ಎಂದು ರಂಪ ಮಾಡಿದ ಮಗಳಿಗೂ ಹೇಳಿದೆ. ಹೇಳುತ್ತಾ ಹೇಳುತ್ತಾ ನಾನೇ ನಂಬಿದೆ.

ಜುಲೈನಲ್ಲಿ ಒಂದು ಭಾನುವಾರ ಬೆಳಿಗ್ಗೆ ಅವಳೇ ಫೋನ್ ಮಾಡಿದಳು. ಅಲ್ಲಿ ಬೇಸಿಗೆ, ಇನ್ನೂ ಶನಿವಾರದ ಸಂಜೆಯಂತೆ. ಓಟ ಬಿಟ್ಟಿದ್ದಳು. ಈಜುಕೊಳದಲ್ಲಿ ಈಗ ಪೂರ್ತಿ ದಿನದ ಕೆಲಸ. ತಂಡಕ್ಕೆ ಬೇರೆ ಯಾರೋ ಹುಡುಗಿ ಹೋದಳಂತೆ. ಮಜ್ಜಿಗೆಗೆ ಒಗ್ಗರಣೆ ಹೇಗೆ ಹಾಕುವುದೆಂದು ಕೇಳಲು ಮಾಡಿದ್ದು. ಹೇಳಿಕೊಟ್ಟೆ. ಆಮೇಲೆ ನಾಲ್ಕು ತಿಂಗಳಿಂದ ಕೇಳದೆ ಉಳಿದದ್ದನ್ನು ಕೇಳಿಯೇಬಿಟ್ಟೆ. “ಹಳದಿ ಚೀಟಿ ಸಿಕ್ಕಿತ್ತು, ರೆಫರಿ ಹಿಂದೆಯೇ ಇದ್ದಾಳೆಂದು ಗೊತ್ತಿತ್ತು. ಆದರೂ ಯಾಕೆ ತೆಗೆದುಕೊಂಡೆ?”

 ಅವಳ ವಾಡಿಕೆಯಂತೆ ಉತ್ತರ ನಾಳೆ ಬರುತ್ತದೆ ಅಂದುಕೊಂಡೆ.

“ನಿಮ್ಮ ಚಪ್ಪಲಿ ಕಿತ್ತುಹೋಗಿತ್ತು. ಬೀಳುತ್ತೀರಿ ಅನ್ನಿಸಿತು,” ಅಂದಳು. “ಎರಡು ಸಲ ನೋ ಅಂದೆ. ನಿಮ್ಮ ಮನೆಯಲ್ಲಿ ನಾಲ್ಕು ತಿಂಗಳು ಇದ್ದವಳು ನಾನು. ತೆಗೆದುಕೊಂಡರೆ ಮಾತ್ರ ನೀವು ನಿಲ್ಲುತ್ತೀರಿ ಎಂದು ಗೊತ್ತಿತ್ತು.”

 ಮುಂದಿನದನ್ನು ಕೇಳಬಾರದಿತ್ತು, ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ. “ಕುಡಿದೆಯಲ್ಲ? ಅದರಿಂದ ಉಪಯೋಗವಾಯಿತಲ್ಲ?”

“ಇಲ್ಲ. ಮೂವತ್ತೈದರ ಮೇಜಿನಲ್ಲಿ ನನ್ನ ಬಾಟಲಿ ಸಿಕ್ಕಿತ್ತು, ಅದು ಸಾಕಾಗಿತ್ತು. ಇದನ್ನು ತಿರುವಿನಾಚೆ ಹುಲ್ಲಿಗೆ ಹಾಕಿದೆ,” ಅಂದಳು. ಮತ್ತೆ, “ಮುಚ್ಚಳ ತೆರೆದಿರಲಿಲ್ಲ. ಮಗಳ ಬಾಟಲಿ ಅಲ್ಲವೇ? ಹೋಗಿ ನೋಡಿ, ಇದ್ದರೂ ಇರಬಹುದು,” ಅಂದಳು.

ಫೋನಿಟ್ಟು ಒಂದಷ್ಟು ಹೊತ್ತು ಪಾತ್ರೆಗಳನ್ನು ಕುಕ್ಕಿದೆ. ನನ್ನ ಮೇಲಿನ ಸಿಟ್ಟು, ಅವಳ ಮೇಲಿನ ಸಿಟ್ಟು, ಅವಳು ಅಷ್ಟು ನಿಧಾನವಾಗಿ, ಬೇಜಾರಿಲ್ಲದೆ ಹೇಳಿದ್ದರ ಮೇಲಿನ ಸಿಟ್ಟು. ಬಾಟಲಿ ಇನ್ನೂ ಅಲ್ಲೇ ಇರಬಹುದಂತೆ ಎಂದಾಗ ನಮ್ಮನೆಯವರು ಕಾರಿನ ಕೀ ತೆಗೆದುಕೊಂಡರು.

ಚಳಿಗಾಲಕ್ಕೆ ಸೇಬಿನ ಗಿಡಗಳೆಲ್ಲ ಬೋಳಾಗಿದ್ದವು. ತಿರುವು ದಾಟಿ ಇಳಿದು ಹುಲ್ಲಿನಲ್ಲಿ ಹುಡುಕಿದೆ. ಅಲ್ಲಿರಲಿಲ್ಲ. ತಲೆಯೆತ್ತಿದರೆ ಬೇಲಿಯ ಒಂದು ಗೂಟದ ಮೇಲೆ ನೆಟ್ಟಗೆ ನಿಂತಿತ್ತು. ದಾರಿಯಲ್ಲಿ ಬಿದ್ದದ್ದನ್ನು ಕಳೆದುಕೊಂಡವರ ಕಣ್ಣಿಗೆ ಬೀಳಲೆಂದು ಹೀಗೆ ಎತ್ತಿಡುವುದು ಇಲ್ಲಿನವರ ಪದ್ಧತಿ. ಯಾರೋ ಪುಣ್ಯಾತ್ಮರು ಇಟ್ಟಿದ್ದಾರೆ. ನೇರಳೆ ಬಣ್ಣ ಬಿಸಿಲಿಗೆ ಮಂಕಾಗಿತ್ತು, ಮಗಳು ಅಂಟಿಸಿದ್ದ ಪೆಂಗ್ವಿನ್ ಚಿತ್ರದ ಅರ್ಧ ಉಳಿದಿತ್ತು. ಎತ್ತಿಕೊಂಡೆ. ಭಾರವಿತ್ತು. ಕತ್ತಿನವರೆಗೂ ತುಂಬಿತ್ತು.

ಕಾರಿನಲ್ಲಿ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡೆ. ಎಷ್ಟು ಹುಳಿಯಾಗಿದೆಯೋ ನೋಡೋಣವೆಂದು ಮುಚ್ಚಳಕ್ಕೆ ಕೈ ಹಾಕಿದೆ.

“ಬೇಡ ಕಣೇ,” ಅಂದರು ನಮ್ಮನೆಯವರು.

ನಾನು ಕೈ ತೆಗೆದೆ.